ಯಾರಿಂದ ಬಚಾವಾದೆ ಮಗಳೇ?

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಭರಮಸಾಗರದ ಹತ್ತಿರ ಎದುರಿನ ಕಾರಿನವರು ಹೆಡ್‌ಲೈಟ್ ಡಿಪ್ ಹೊಡೆದು ಮುಂದೆ ಸ್ಪೀಡ್ ಹಿಡಿಯುವ ಪೊಲೀಸರಿದ್ದಾರೆ ಅಂತ ತಿಳಿಸಿದರು, ಬಚಾವಾದೆ ಅಂದೆಯಲ್ಲ. ಯಾರಿಂದ ಬಚಾವಾದೆ ಮಗಳೇ?

ದಾವಣಗೆರೆ, ಚಿತ್ರದುರ್ಗದ ನಡುವೆ ಓಡಾಡುವ ಎಷ್ಟೋ ಜನರ ಲೆಕ್ಕವೇ ಹೀಗೆ. ಕ್ಯಾಮೆರಾ ಇದೆ ಅಂತ ಮೊಬೈಲ್ ಹೇಳಿದರೆ ಬ್ರೇಕ್. ದಾಟಿದ ಕೂಡಲೇ ಮತ್ತೆ ಆಕ್ಸಿಲರೇಟರ್. ದಂಡ ಬಿದ್ದರೆ "ವಸೂಲಿಗೆ ನಿಂತಿದ್ದಾರೆ" ಅನ್ನೋದು. 2023ರಲ್ಲಿ, ಆಮೇಲೆ 2025ರಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟರಲ್ಲ, ಅದು ನನಗೆ ಸರಿ ಕಾಣಲಿಲ್ಲ. ಇನ್ನೊಂದು ರಿಯಾಯಿತಿ ಬರಲಿ, ಆಗ ಕಟ್ಟಿದರಾಯ್ತು ಅಂತ ಜನ ಕಾಯುತ್ತಾರೆ. 2024ರ ಆಗಸ್ಟ್‌ನಿಂದ ವೇಗ ಗಂಟೆಗೆ 130 ಕಿಲೋಮೀಟರ್ ದಾಟಿದರೆ ಎಫ್‌ಐಆರ್ ಅಂತ ಮಾಡಿದರು. ಕೆಲವರು ಅದನ್ನೂ 120ರಲ್ಲಿ ಹೋದರೆ ಪರವಾಗಿಲ್ಲ ಅಂತಲೇ ತಿಳಿದುಕೊಂಡರು.

ವೇಗಮಿತಿಯ ಬೋರ್ಡೇ ಕಾಣದ ಕಡೆ ನಿಂತು ಹಿಡಿದರೆ ಸಿಟ್ಟು ಬರುತ್ತದೆ, ನಿಜ. ಅದನ್ನು ಕೇಳಬೇಕು, ಬರೆದು ಕೊಡಬೇಕು. ಹಾಗಂತ ಕಾಣುವ ಬೋರ್ಡನ್ನೂ ಲೆಕ್ಕಕ್ಕಿಡದೆ ಹೋಗೋದಲ್ಲ.

ಆನಗೋಡಿನ ಕಡೆ ಒಮ್ಮೆ ಗಮನವಿಟ್ಟು ನೋಡು. ಹೆದ್ದಾರಿಯ ಪಕ್ಕದ ಊರುಗಳಲ್ಲಿ ಎಷ್ಟೋ ಜನರಿಗೆ ಮನೆ ಈಚೆ, ಹೊಲ ಆಚೆ. ಅಂಡರ್‌ಪಾಸ್ ದೂರವಾದರೆ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತವರೂ ಡಿವೈಡರ್ ಹತ್ತಿ ದಾಟುತ್ತಾರೆ. ಮೆಕ್ಕೆಜೋಳದ ಕಾಲ ಬಂತೆಂದರೆ ಸರ್ವಿಸ್ ರಸ್ತೆ ತುಂಬಾ ಕಾಳು ಒಣಗಲು ಹರವಿರುತ್ತಾರೆ. ಬೈಕಿನವರು ಹೆದ್ದಾರಿಗೇ ಬರುತ್ತಾರೆ. ಕತ್ತಲಾದ ಮೇಲೆ ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್‌ಗಳು. ಅವರೂ ತಪ್ಪು ಮಾಡುತ್ತಾರೆ, ಇಲ್ಲ ಅನ್ನಲ್ಲ. ಆದರೆ ಕಾರಿನೊಳಗೆ ಬೆಲ್ಟ್ ಹಾಕಿ ಕೂತಿರುವುದು ನೀನು, ಅಲ್ವಾ?

100ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗುತ್ತದೆ. ಕಣ್ಣು ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಆ ಒಂದು ಸೆಕೆಂಡ್ ಮುಗಿದಿರುತ್ತದೆ. ಒಂದೇ ಜಾಗದಲ್ಲಿ ಇಬ್ಬರಿಗೆ ಅಡ್ಡ ಬಂದವರು ಕಂಡರು ಅಂದುಕೋ. ಒಬ್ಬರದು 80, ಇನ್ನೊಬ್ಬರದು 100. 80ರವರು ಪೂರ್ತಿ ನಿಂತ ಜಾಗಕ್ಕೆ ಬಂದಾಗಲೂ 100ರವರ ಕಾರು ಇನ್ನೂ 60ಕ್ಕಿಂತ ಜಾಸ್ತಿ ವೇಗದಲ್ಲೇ ಇರುತ್ತದೆ. ಬ್ರೇಕ್ ಎಷ್ಟೇ ಚೆನ್ನಾಗಿರಲಿ, ಈ ಲೆಕ್ಕ ಬದಲಾಗಲ್ಲ. ಇದನ್ನು ನೀನೇ ಪೆನ್ನು ಹಿಡಿದು ಮಾಡಿ ನೋಡು, ನೀನು ನನಗಿಂತ ಚೆನ್ನಾಗಿ ಓದಿದವಳು.

ಇಷ್ಟಕ್ಕೆ ಉಳಿಯುವುದೇನು? ನಮ್ಮೂರಿಂದ ದುರ್ಗಕ್ಕೆ ಸುಮಾರು 60 ಕಿಲೋಮೀಟರ್. 80ರಲ್ಲಿ ಹೋದರೆ 45 ನಿಮಿಷ, 100ರಲ್ಲಿ ಹೋದರೆ 36. ಆ ಒಂಬತ್ತು ನಿಮಿಷವೂ ಟೋಲ್ ಗೇಟಿನಲ್ಲಿ, ಊರೊಳಗಿನ ಸಿಗ್ನಲ್‌ನಲ್ಲಿ ಹೋಗಿಬಿಡುತ್ತದೆ.

ತಡವಾದರೆ ಆಫೀಸಿಗೆ ಫೋನ್ ಮಾಡಿ ತಡವಾಗುತ್ತೆ ಅಂತ ಹೇಳು. ಊರು ಬಂದ ಕಡೆ ಪೊಲೀಸರಿದ್ದರೂ ಇಲ್ಲದಿದ್ದರೂ ನಿಧಾನ ಮಾಡು. ಇನ್ನೊಂದು ಮಾತು, ನೀನು ಮಾತ್ರ ಯಾರಿಗೂ ಡಿಪ್ ಹೊಡೆದು ಎಚ್ಚರಿಸಬೇಡ. ಎದುರಿಗೆ ಬರುವವನು ಎಷ್ಟು ಕುಡಿದಿದ್ದಾನೋ, ಎಷ್ಟು ನಿದ್ದೆಗೆಟ್ಟಿದ್ದಾನೋ ನಿನಗೆ ಗೊತ್ತಿರಲ್ಲ. ಅವನನ್ನು ಪೊಲೀಸರು ಅಲ್ಲಿ ನಿಲ್ಲಿಸುವುದೇ ಒಳ್ಳೇದು.

ಶನಿವಾರ ಬರುವ ಮುಂಚೆ ಬ್ರೇಕ್ ಪ್ಯಾಡ್ ತೋರಿಸಿಕೊಂಡು ಬಾ. ಹಿಂದಿನ ಸಲ ಸದ್ದು ಬರುತ್ತಿತ್ತು. ಅವ್ವ ಕೇಳಿದಳು ಅಂತ ಹೇಳಲು ಹೇಳಿದ್ದಾಳೆ.

ಇಂತಿ,
ನಿನ್ನ ಅಪ್ಪಾಜಿ
ದಾವಣಗೆರೆ