ಹಳೆಯ ಮನೆಗಳ ಶೌಚಾಲಯ ಎಣಿಸಿದ್ದು ಸಾಕು, ಅಪಾಯವನ್ನು ಅಳೆಯಿರಿ: ಆರೋಗ್ಯಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯಾಧಿಕಾರಿಗಳೇ,

ಹಳೆಯ ಮನೆಗಳ ಶೌಚಾಲಯ ಮತ್ತು ಕೈತೊಳೆಯುವ ವ್ಯವಸ್ಥೆಯಿಂದ ಅಲ್ಲಿ ವಾಸಿಸುವವರ ಆರೋಗ್ಯಕ್ಕೆ ಎಷ್ಟು ಅಪಾಯವಿದೆ ಎಂಬುದನ್ನು ಮನೆಮನೆಗೂ ಬಂದು ಅಳೆದು, ಅದನ್ನು ಬರಹದಲ್ಲಿ ದಾಖಲಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಇದೇ ಕೋರಿಕೆಯನ್ನು ಅರ್ಜಿಯ ರೂಪದಲ್ಲಿ ತಮ್ಮ ಕಚೇರಿಗೆ ಕೊಟ್ಟು, ಸ್ವೀಕೃತಿ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡು, ಉತ್ತರಕ್ಕಾಗಿ ಕಾದು ಬೇಸತ್ತ ಮೇಲೆಯೇ ಹೀಗೆ ಎಲ್ಲರೂ ಓದುವಂತೆ ಬರೆಯಬೇಕಾಗಿ ಬಂದಿದೆ.

ನಾವಿರುವುದು ಹಳೆಯ ಕಟ್ಟಡವೊಂದರ ಬಾಡಿಗೆ ಮನೆಯಲ್ಲಿ. ಮೂರು ಸಂಸಾರಗಳಿಗೆ ಹಿಂಭಾಗದಲ್ಲಿ ಒಂದೇ ಶೌಚಾಲಯ. ಕಮೋಡಿನ ಅಂಚಿನಲ್ಲಿ ಬಿಟ್ಟಿರುವ ಬಿರುಕು ಎಷ್ಟು ಉಜ್ಜಿದರೂ ಕಪ್ಪಾಗಿಯೇ ಉಳಿಯುತ್ತದೆ. ಫ್ಲಶ್ ಟ್ಯಾಂಕ್ ತುಂಬಲು ಬಹಳ ಹೊತ್ತು ಹಿಡಿಯುವುದರಿಂದ ಬೆಳಗಿನ ಸರದಿಯಲ್ಲಿ ಎರಡನೆಯವರಿಗೇ ನೀರು ಸಾಲದು. ಇವೆಲ್ಲವನ್ನೂ ಹೇಗೋ ಸಹಿಸಿಕೊಂಡೆವು. ಸಹಿಸಲಾಗದ್ದು ಕೈ ತೊಳೆಯುವ ಪಾಡು. ಶೌಚಾಲಯದ ಒಳಗೆ ವಾಶ್‌ಬೇಸಿನ್ ಇಲ್ಲ, ಹೊರಗೂ ಇಲ್ಲ. ಒಳಗಿನ ಚಿಲಕ ತೆಗೆದು, ಇಕ್ಕಟ್ಟಾದ ನಡುದಾರಿ ದಾಟಿ, ಮನೆಯ ಬಾಗಿಲು ತಳ್ಳಿ, ಅಡುಗೆಮನೆಯ ನಲ್ಲಿ ತಿರುಗಿಸಿದ ಮೇಲೆಯೇ ಕೈಗೆ ನೀರು. ಚಿಲಕ, ಬಾಗಿಲು, ನಲ್ಲಿಯ ತಿರುಪು ಈ ಮೂರನ್ನೂ ಮುಟ್ಟುವುದು ತೊಳೆಯದ ಕೈ. ತೊಳೆದ ಕೈ ಮತ್ತೆ ಅದೇ ತಿರುಪನ್ನು ಮುಟ್ಟಿ ನೀರು ನಿಲ್ಲಿಸಬೇಕು. ಕೊಳೆಯೆಲ್ಲ ಹರಿಯುವುದು ಪಾತ್ರೆ ಮತ್ತು ತರಕಾರಿ ತೊಳೆಯುವ ಸಿಂಕಿನಲ್ಲಿ.

ಕಳೆದ ವರ್ಷ ಪಕ್ಕದ ಮನೆಯ ಮಗುವಿಗೆ ರಕ್ತಭೇದಿ ಶುರುವಾಯಿತು. ಅದರ ಬೆನ್ನಿಗೇ ಆ ಮಗುವನ್ನು ನೋಡಿಕೊಳ್ಳುತ್ತಿದ್ದ ಅಜ್ಜಿ ಮಲಗಿದರು, ಆಮೇಲೆ ನನ್ನ ಮಗಳು. ಪರೀಕ್ಷೆಯಲ್ಲಿ ಶಿಗೆಲ್ಲಾ ಬ್ಯಾಕ್ಟೀರಿಯಾ ಎಂದು ಗೊತ್ತಾಯಿತು. ನಾವು ದೂರು ಕೊಟ್ಟ ಮೇಲೆ ಪರಿಶೀಲನೆಗೆಂದು ಒಬ್ಬ ಸಿಬ್ಬಂದಿ ಬಂದರು. ಹೊಸ್ತಿಲಾಚೆ ನಿಂತೇ ಕೈ ಚಾಚಿ ಒಮ್ಮೆ ಫ್ಲಶ್ ಎಳೆದು ನೋಡಿ, ಶೌಚಾಲಯ ‘ಇದೆ’, ನೀರು ‘ಇದೆ’ ಎಂದು ಗುರುತು ಹಾಕಿಕೊಂಡರು. ಎಷ್ಟು ಜನ ಬಳಸುತ್ತಾರೆಂದು ಕೇಳಲಿಲ್ಲ. ಕೈ ಎಲ್ಲಿ ತೊಳೆಯುತ್ತೇವೆ ನೋಡಿ ಬನ್ನಿ ಎಂದು ನಾನೇ ಕರೆದಾಗ ಅವರು ಹೇಳಿದ್ದು, ‘ಅದಕ್ಕೆ ಈ ಫಾರಂನಲ್ಲಿ ಕಾಲಂ ಇಲ್ಲ.’ ಮೂವರು ಹಾಸಿಗೆ ಹಿಡಿದಿದ್ದ ಕಟ್ಟಡ ತಮ್ಮ ಕಡತದಲ್ಲಿ ಸಮರ್ಪಕವೆಂದು ದಾಖಲಾಯಿತು. ಶೌಚಾಲಯ ಇದೆ ಎನ್ನುವುದು ನಮಗೂ ಗೊತ್ತು, ಸ್ವಾಮಿ. ದಿನವೂ ಅದರ ಮುಂದೆ ಸರದಿ ನಿಲ್ಲುವವರು ನಾವೇ.

ತಮಗೆ ತಿಳಿಯದ್ದೇನೂ ಇದರಲ್ಲಿಲ್ಲ. ಶಿಗೆಲ್ಲಾ ರೋಗ ತರಲು 10ರಿಂದ 100 ಜೀವಾಣುಗಳು ಹೊಟ್ಟೆ ಸೇರಿದರೂ ಸಾಕು, ಅಂದರೆ ಕಣ್ಣಿಗೆ ಕಾಣದಷ್ಟು ಕೊಳೆ ಸಾಕು. ಕಾಮಾಲೆ ತರುವ ಹೆಪಟೈಟಿಸ್ ಎ, ವಾಂತಿಭೇದಿ ತರುವ ರೋಟಾವೈರಸ್, ನೊರೊವೈರಸ್ ಕೂಡ ಮಲದಿಂದ ಕೈಗೆ, ಕೈಯಿಂದ ಬಾಯಿಗೆ ಇದೇ ದಾರಿಯಲ್ಲಿ ಸಾಗುತ್ತವೆ. ಸ್ಯಾನಿಟೈಸರ್ ಬಾಟಲಿ ಇಟ್ಟುಕೊಳ್ಳಿ ಎಂದು ತಮ್ಮ ಕಚೇರಿಯಲ್ಲೊಬ್ಬರು ಸಲಹೆ ಕೊಟ್ಟರು. ನೊರೊವೈರಸ್ಸಿನ ಮೇಲೆ ಆಲ್ಕೋಹಾಲ್ ದ್ರಾವಣ ಅಷ್ಟಾಗಿ ನಾಟುವುದಿಲ್ಲ, ಸೋಪು ಮತ್ತು ಹರಿಯುವ ನೀರೇ ಬೇಕು ಎಂಬುದನ್ನು ಆರೋಗ್ಯ ಇಲಾಖೆಯವರಿಗೆ ನಾನು ಹೇಳಬೇಕಾಯಿತಲ್ಲ ಎಂಬುದೇ ನೋವು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಜಂಟಿ ಮಾನದಂಡದ ಪ್ರಕಾರ, ಎಷ್ಟೇ ಸುಸಜ್ಜಿತವಾಗಿದ್ದರೂ ಬೇರೆ ಸಂಸಾರದೊಡನೆ ಹಂಚಿಕೊಳ್ಳುವ ಶೌಚಾಲಯವನ್ನು ‘ಸೀಮಿತ’ ಸೌಲಭ್ಯವೆಂದೇ ಪರಿಗಣಿಸಬೇಕು. ಸೋಪು ಮತ್ತು ನೀರು ಎರಡೂ ಮನೆಯಲ್ಲಿ ದೊರೆಯುವ ಕೈತೊಳೆಯುವ ಜಾಗವನ್ನು ಪ್ರತ್ಯೇಕವಾಗಿಯೇ ಲೆಕ್ಕ ಹಾಕಬೇಕು. ಜಗತ್ತೆಲ್ಲ ಎರಡು ಕಾಲಂ ಇಟ್ಟುಕೊಂಡಿರುವಾಗ ತಮ್ಮ ಫಾರಂನಲ್ಲಿ ಒಂದೇ ಏಕೆ?

ಹಳೆಯ ಮನೆಗಳಲ್ಲಿ ಕಣ್ಣಿಗೆ ಬೀಳದ ಅಪಾಯಗಳೂ ಇವೆ. ಕೊಳವೆಯ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುವ ಟ್ರ್ಯಾಪ್ ಇದೆಯಲ್ಲ, ಚರಂಡಿಯ ಗಾಳಿ ಮನೆಯೊಳಗೆ ನುಗ್ಗದಂತೆ ತಡೆಯುವುದು ಆ ನೀರೇ. ಗಾಳಿಕೊಳವೆ ಮುಚ್ಚಿಹೋದರೆ, ಕೊಳವೆ ಬಿರುಕು ಬಿಟ್ಟರೆ ಅಥವಾ ಬಳಕೆಯಿಲ್ಲದೆ ನೀರು ಆರಿದರೆ ಆ ತಡೆ ಇಲ್ಲವಾಗುತ್ತದೆ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಮಂದಿಗೆ ಸಾರ್ಸ್ ಎಂಬ ತೀವ್ರ ಉಸಿರಾಟದ ಸೋಂಕು ತಗುಲಿದಾಗ, ಸ್ನಾನದ ಕೋಣೆಗಳ ನೆಲದ ಟ್ರ್ಯಾಪ್‌ಗಳು ಒಣಗಿದ್ದೂ, ಗಾಳಿ ಹೊರಹಾಕುವ ಫ್ಯಾನ್‌ಗಳು ಆ ಬಾಯಿಯಿಂದಲೇ ಸೋಂಕಿನ ಹನಿಗಳನ್ನು ಒಳಗೆ ಸೆಳೆದದ್ದೂ ಮುಖ್ಯ ಕಾರಣವಿರಬೇಕೆಂದು ತನಿಖೆ ಹೇಳಿತು. ನಮ್ಮಲ್ಲಿ ಸಂಜೆಯಾದರೆ ಬರುವ ದುರ್ವಾಸನೆ ಎಲ್ಲಿಂದ ಬರುತ್ತಿದೆಯೆಂದು ಯಾರಾದರೂ ಬಗ್ಗಿ ನೋಡಿದ್ದಾರೆಯೇ?

ಇನ್ನು ವಯಸ್ಸಾದವರ ವಿಷಯ. ಪಕ್ಕದ ಮನೆಯ ಆ ಅಜ್ಜಿ ಕತ್ತಲಲ್ಲಿ, ಒದ್ದೆ ನೆಲದ ಮೇಲೆ ನಡೆದುಹೋಗಲು ಹೆದರಿ ಮಧ್ಯಾಹ್ನದ ನಂತರ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಅದರಿಂದ ಬಂದ ಮಲಬದ್ಧತೆಗೂ ಮೂತ್ರದ ಸೋಂಕಿಗೂ ಔಷಧಿ ತೆಗೆದುಕೊಳ್ಳುತ್ತಾರೆ. ಈ ಕಾಯಿಲೆಗೂ ಆ ಶೌಚಾಲಯಕ್ಕೂ ಇರುವ ಸಂಬಂಧ ಯಾವ ದಾಖಲೆಯಲ್ಲೂ ಬರುವುದಿಲ್ಲ, ಏಕೆಂದರೆ ಆಸ್ಪತ್ರೆಯವರು ಮನೆ ನೋಡುವುದಿಲ್ಲ, ಮನೆ ನೋಡಲು ಬಂದವರು ಆಕೆಯನ್ನು ಮಾತನಾಡಿಸಲಿಲ್ಲ.

ಅಪಾಯ ಅಳೆಯುವುದು ಆಗದ ಕೆಲಸವೂ ಅಲ್ಲ. ಇಂಗ್ಲೆಂಡಿನಲ್ಲಿ 2006ರಿಂದ ಜಾರಿಗೆ ಬಂದ ವಸತಿ ತಪಾಸಣಾ ಪದ್ಧತಿಯು ವೈಯಕ್ತಿಕ ಸ್ವಚ್ಛತೆ, ಶೌಚ ಮತ್ತು ಚರಂಡಿಯನ್ನು ಪ್ರತ್ಯೇಕ ಅಪಾಯವೆಂದೇ ಗುರುತಿಸಿತು. ಮುಂದಿನ 12 ತಿಂಗಳಲ್ಲಿ ಈ ಕೊರತೆಯಿಂದ ಯಾರಿಗಾದರೂ ಕಾಯಿಲೆ ಬರುವ ಸಂಭವವೆಷ್ಟು, ಬಂದರೆ ಅದು ಎಷ್ಟು ಗಂಭೀರವಾಗಬಹುದು ಎಂಬ ಎರಡು ಪ್ರಶ್ನೆಗಳಿಗೆ, ಅತಿ ಹೆಚ್ಚು ತೊಂದರೆಗೆ ಒಳಗಾಗಬಲ್ಲ ಐದು ವರ್ಷದೊಳಗಿನ ಮಕ್ಕಳನ್ನು ಮುಂದಿಟ್ಟುಕೊಂಡು ತಪಾಸಕರು ಉತ್ತರ ಬರೆಯಬೇಕು. ಶೌಚಾಲಯ ಎಷ್ಟು ಜನಕ್ಕೆ, ಕೈತೊಳೆಯುವ ಜಾಗ ಎಷ್ಟು ದೂರ, ಗೋಡೆ ಮತ್ತು ನೆಲ ತೊಳೆಯಲು ಬರುವಂತಿವೆಯೇ, ನೀರಿನ ಒತ್ತಡ ಸಾಕಷ್ಟಿದೆಯೇ, ಟ್ರ್ಯಾಪ್‌ನಲ್ಲಿ ನೀರು ನಿಲ್ಲುತ್ತಿದೆಯೇ ಎಂದು ನೋಡಲು ಬೇಕಾದದ್ದು ದುಬಾರಿ ಯಂತ್ರವಲ್ಲ, ಒಳಗೆ ಬಂದು ನೋಡುವ ಮನಸ್ಸು.

ಆದ್ದರಿಂದ ಮತ್ತೊಮ್ಮೆ ಕೇಳುತ್ತಿದ್ದೇನೆ: ಅಪಾಯವನ್ನು ಅಳೆಯಿರಿ. ನಮ್ಮ ಕಟ್ಟಡವೊಂದನ್ನೇ ಅಲ್ಲ, ತಮ್ಮ ವ್ಯಾಪ್ತಿಯ ಹಳೆಯ ಮನೆಗಳೆಲ್ಲವನ್ನೂ, ಅದರಲ್ಲೂ ಚಿಕ್ಕ ಮಕ್ಕಳು ಮತ್ತು ವೃದ್ಧರಿರುವ ಹಂಚಿಕೆಯ ಶೌಚಾಲಯದ ಮನೆಗಳನ್ನು ಮೊದಲು ನೋಡಿ. ಫಾರಂನಲ್ಲಿ ಕೈತೊಳೆಯುವ ವ್ಯವಸ್ಥೆಗೆ ಕಾಲಂ ಸೇರಿಸಿ. ಕಂಡದ್ದನ್ನು ಬರೆದು ಮಾಲೀಕರಿಗೂ ಬಾಡಿಗೆದಾರರಿಗೂ ಒಂದೊಂದು ಪ್ರತಿ ಕೊಡಿ, ದುರಸ್ತಿಗೆ ಗಡುವು ಹಾಕಿ, ಗಡುವು ಮೀರಿದರೆ ನಿಯಮದ ಪ್ರಕಾರ ಏನು ಮಾಡಬೇಕೆಂಬುದು ನನಗಿಂತ ತಮಗೇ ಚೆನ್ನಾಗಿ ಗೊತ್ತು. ನಮ್ಮಲ್ಲಿ ಮೊದಲು ಆಗಬೇಕಾದದ್ದು ಶೌಚಾಲಯದ ಬಾಗಿಲ ಬಳಿಯೇ ಒಂದು ನಲ್ಲಿ, ಒಂದು ವಾಶ್‌ಬೇಸಿನ್.

ತಪಾಸಣೆಗೆ ಬರುವವರು ದಯವಿಟ್ಟು ಮಧ್ಯಾಹ್ನ, ಎಲ್ಲರೂ ಹೊರಗೆ ಹೋಗಿರುವಾಗ ಬರಬೇಡಿ. ಬೆಳಿಗ್ಗೆ ಸರದಿ ನಿಂತಿರುವ ಹೊತ್ತಿಗೇ ಬನ್ನಿ. ಬರುವ ದಿನವನ್ನು ಈ ಬಾರಿ ಲಿಖಿತವಾಗಿ ತಿಳಿಸಿ. ಮೂರೂ ಮನೆಯವರು ಇರುತ್ತೇವೆ.

ತಮ್ಮ ವಿಶ್ವಾಸಿ,
ಹಳೆಯ ಕಟ್ಟಡವೊಂದರ ಬಾಡಿಗೆದಾರರು