ಭಾನುವಾರ ಸಂಜೆ 6ಕ್ಕೆ: ‘ನ್ಯೂ ರೋಸ್’

ಎಲ್ಲರಿಗೂ ನಮಸ್ಕಾರ. ಈ ವಾರ ಬ್ರಿಟನ್ನಿನ ದ ಡ್ಯಾಮ್ಡ್ ತಂಡದ ‘ನ್ಯೂ ರೋಸ್’ ಹಾಡು ಕೇಳೋಣ. ಸ್ಟಿಫ್ ರೆಕಾರ್ಡ್ಸ್ ಇದನ್ನು ಬಿಡುಗಡೆ ಮಾಡಿದ್ದು 1976ರ ಅಕ್ಟೋಬರ್ 22ರಂದು. ಬ್ರಿಟನ್ನಿನ ಪಂಕ್ (ವೇಗದ, ಒರಟು ರಾಕ್) ತಂಡಗಳಲ್ಲಿ ಮೊದಲು ಸಿಂಗಲ್, ಅಂದರೆ ಒಂದೇ ಮುಖ್ಯ ಹಾಡಿನ ರೆಕಾರ್ಡ್, ತಂದವರು ಇವರೇ. ಇನ್ನೊಂದು ಪಂಕ್ ತಂಡ ಸೆಕ್ಸ್ ಪಿಸ್ತೂಲ್ಸ್‌ನ ಮೊದಲ ಸಿಂಗಲ್ ಬಂದದ್ದು ತಿಂಗಳಾದ ಮೇಲೆ.

ರೆಕಾರ್ಡ್ ಮಾಡಿದ್ದು ಲಂಡನ್ನಿನ ಪಾಥ್‌ವೇ ಸ್ಟುಡಿಯೋದಲ್ಲಿ. ಪುಟ್ಟ ಜಾಗ, ಧ್ವನಿಗಳನ್ನು ಬೇರೆ ಬೇರೆಯಾಗಿ ದಾಖಲಿಸಲು ಎಂಟೇ ಟ್ರ್ಯಾಕ್. ನಿರ್ಮಾಪಕ ನಿಕ್ ಲೋ ಹಾಡಿನ ಒರಟುತನವನ್ನು ಹಾಗೇ ಉಳಿಸಿದರು. ಅದೇ ಸರಿ, ಅಲ್ವಾ? ಮೂರು ನಿಮಿಷವೂ ಇಲ್ಲ. ರ‍್ಯಾಟ್ ಸ್ಕೇಬೀಸ್ ಬಾರಿಸುವ ಡ್ರಮ್ ಶುರುವಾಗುವುದನ್ನು ಗಮನಿಸಿ, ಎದೆಗೇ ಬಡಿದ ಹಾಗಿರುತ್ತೆ. ರೆಕಾರ್ಡಿನ ಇನ್ನೊಂದು ಬದಿಯಲ್ಲಿ ಇವರೇ ಹಾಡಿದ ಬೀಟಲ್ಸ್‌ನ ‘ಹೆಲ್ಪ್’ ಇದೆ, ಸಿಕ್ಕಾಪಟ್ಟೆ ವೇಗದಲ್ಲಿ.

‘ನ್ಯೂ ರೋಸ್’ ಬರೆದ ಗಿಟಾರಿಸ್ಟ್ ಬ್ರಯಾನ್ ಜೇಮ್ಸ್ 2025ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರ ನೆನಪಿಗಾದರೂ ಸ್ಪೀಕರ್‌ನಲ್ಲಿ, ಜೋರಾಗಿ ಕೇಳಿ. ಅನಿಸಿದ್ದನ್ನು ಇಲ್ಲೇ ಬರೆಯಿರಿ.