ದಿನದ ವಾಚನಕ್ಕೆ ಮನನದ ಹೊತ್ತೂ ಬೇಕು

ಮಾನ್ಯ ಸಂಪಾದಕರೇ,

ಇನ್ನು ಕೆಲವೇ ವಾರಗಳಲ್ಲಿ ಕ್ರೈಸ್ತರ ಆಗಮನ ಕಾಲ ಆರಂಭವಾಗಲಿದೆ. ಕ್ರಿಸ್‌ಮಸ್ ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಈ ಕಾಲದ ಮೊದಲ ಭಾನುವಾರವೇ ನಮ್ಮ ಕಥೋಲಿಕ ಧರ್ಮಸಭೆಯ ಹೊಸ ವರ್ಷದ ಮೊದಲ ದಿನವೂ ಆಗಿರುವುದರಿಂದ, ಅಂದಿನಿಂದ ದೇವಾಲಯಗಳಲ್ಲಿ ಧರ್ಮಗ್ರಂಥದ ವಾಚನಗಳ ಹೊಸ ಸರಣಿಯೊಂದು ತೊಡಗುತ್ತದೆ. ಬೆಂಗಳೂರಿನ ಕನ್ನಡ ಕ್ರೈಸ್ತರಲ್ಲಿ ಒಬ್ಬಳಾಗಿ, ಇಪ್ಪತ್ತೆರಡು ವರ್ಷಗಳಿಂದ ನಮ್ಮ ಧರ್ಮಕೇಂದ್ರದ (ಪ್ಯಾರಿಷ್) ಕನ್ನಡ ಬಲಿಪೂಜೆಯಲ್ಲಿ (ಮಾಸ್) ವಾಚನ ಓದುತ್ತಿರುವವಳಾಗಿ, ಈ ಸಂದರ್ಭದಲ್ಲಿ ಒಂದು ಮಾತನ್ನು ತಮ್ಮ ಪತ್ರಿಕೆಯ ಮೂಲಕ ಹಂಚಿಕೊಳ್ಳಬೇಕೆನಿಸಿದೆ. ಅಂದಂದಿನ ವಾಚನ ನಮ್ಮ ಕೈಗೆ ಈಗ ಹಿಂದೆಂದಿಗಿಂತ ಸುಲಭವಾಗಿ ಸಿಗುತ್ತಿದೆ. ಅದರೊಡನೆ ಕೂರುವ ಹೊತ್ತು ಮಾತ್ರ ನಮ್ಮ ಮನೆಗಳಿಂದ ಮೆಲ್ಲಗೆ ಕಾಣೆಯಾಗುತ್ತಿದೆ.

ಈ ವ್ಯವಸ್ಥೆಯ ಪರಿಚಯವಿಲ್ಲದ ಓದುಗರಿಗಾಗಿ ನಾಲ್ಕು ಮಾತು ಹೇಳುವುದು ಅಗತ್ಯ. ದೇವರ ವಾಕ್ಯದ ಭಂಡಾರವನ್ನು ಜನರಿಗೆ ಇನ್ನಷ್ಟು ಧಾರಾಳವಾಗಿ ತೆರೆದಿಡಬೇಕೆಂದು 1963ರಲ್ಲಿ, ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ ಸೂಚಿಸಿತು. ಅದರಂತೆ 1969ರಲ್ಲಿ ರೂಪುಗೊಂಡ ವಾಚನಕ್ರಮದಲ್ಲಿ ಭಾನುವಾರಗಳ ವಾಚನಗಳು ಮೂರು ವರ್ಷಕ್ಕೊಂದು ಸುತ್ತು ಬರುತ್ತವೆ. ಒಂದು ವರ್ಷ ಮತ್ತಾಯನ, ಮುಂದಿನ ವರ್ಷ ಮಾರ್ಕನ, ಅದರ ಮುಂದಿನ ವರ್ಷ ಲೂಕನ ಶುಭಸಂದೇಶ, ಅಂದರೆ ಯೇಸುವಿನ ಬದುಕು ಬೋಧನೆಗಳ ವೃತ್ತಾಂತ, ಪ್ರಧಾನವಾಗಿರುತ್ತದೆ. ವಾರದ ಇತರ ದಿನಗಳಲ್ಲಿ ಶುಭಸಂದೇಶದ ಭಾಗ ಪ್ರತಿವರ್ಷವೂ ಅದೇ ಇದ್ದು, ವರ್ಷದ ಬಹುಪಾಲು ದಿನಗಳಲ್ಲಿ ಮೊದಲನೆಯ ವಾಚನ ಮಾತ್ರ ಎರಡು ವರ್ಷದ ಸುತ್ತಿನಲ್ಲಿ ವರ್ಷ ಬಿಟ್ಟು ವರ್ಷ ಬದಲಾಗುತ್ತದೆ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳು ಬೇರೆ ಬೇರೆ ಹೊತ್ತಿಗೆ ನಡೆದರೂ ಅಂದು ಓದುವ ಭಾಗ ಒಂದೇ. ನಮ್ಮ ಪ್ರೊಟೆಸ್ಟೆಂಟ್ ಬಂಧುಗಳಲ್ಲಿ ಅನೇಕರು ಇಡೀ ಗ್ರಂಥವನ್ನು ವರ್ಷದೊಳಗೆ ಓದಿ ಮುಗಿಸುವ ಪದ್ಧತಿಯನ್ನು ಅನುಸರಿಸುತ್ತಾರೆ. ಸ್ಕಾಟ್ಲೆಂಡಿನ ಡಂಡೀ ನಗರದ ಯುವ ಬೋಧಕ ರಾಬರ್ಟ್ ಮರ್ರೆ ಮೆಕ್‌ಶೇನ್ 1842ರಲ್ಲಿ ತಮ್ಮ ಸಭೆಯವರಿಗಾಗಿ ಸಿದ್ಧಪಡಿಸಿದ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಪ್ರೊಟೆಸ್ಟೆಂಟರ ಬೈಬಲಿನ 1189 ಅಧ್ಯಾಯಗಳನ್ನು ವರ್ಷದ ದಿನಗಳಿಗೆ ಹಂಚಿದರೆ ದಿನಕ್ಕೆ ಮೂರಕ್ಕಿಂತ ತುಸು ಹೆಚ್ಚು ಅಧ್ಯಾಯ ಬೀಳುತ್ತದೆ. ಅಷ್ಟನ್ನು ಓದುವವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ, ಆದರೆ ನನ್ನ ಮಾತು ಓದಿನ ಪ್ರಮಾಣವನ್ನು ಕುರಿತದ್ದಲ್ಲ.

ಬೆಳಗಿನ ಐದೂವರೆಯಿಂದಲೇ ನಮ್ಮ ಮೊಬೈಲುಗಳಿಗೆ ವಾಕ್ಯಗಳು ಬರತೊಡಗುತ್ತವೆ. ಸೂರ್ಯೋದಯದ ಚಿತ್ರ, ಅದರ ಮೇಲೆ ಒಂದು ವಾಕ್ಯ, ಕೆಳಗೆ ಅಧ್ಯಾಯದ ಸಂಖ್ಯೆ. ಕಳುಹಿಸುವವರು ಪ್ರೀತಿಯಿಂದಲೇ ಕಳುಹಿಸುತ್ತಾರೆ, ಆಸ್ಪತ್ರೆಯ ಹಾಸಿಗೆಯಲ್ಲಿದ್ದವರಿಗೆ ಅಂಥ ಒಂದು ವಾಕ್ಯ ಧೈರ್ಯ ತಂದದ್ದನ್ನು ನಾನೇ ಕಂಡಿದ್ದೇನೆ. ಆದರೆ ಓದಿದ ಮರುಕ್ಷಣವೇ ಅದನ್ನು ಇನ್ನೊಂದು ಗುಂಪಿಗೆ ಕಳುಹಿಸಿ ಅಂದಿನ ಓದು ಮುಗಿಯಿತೆಂದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಇದರಿಂದ ಆಗುವ ನಷ್ಟಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಪ್ರವಾದಿ ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಾಕ್ಯ, ಅಂದರೆ ನಿಮ್ಮ ಬಗೆಗಿನ ನನ್ನ ಯೋಜನೆಗಳು ಹಿತಕ್ಕೇ ಹೊರತು ಕೇಡಿಗಲ್ಲ ಎಂದು ದೇವರು ಹೇಳುವ ಮಾತು, ಹೊಸ ವರ್ಷಕ್ಕೆ, ಪರೀಕ್ಷೆಗೆ, ಮದುವೆಗೆ, ಎಲ್ಲಕ್ಕೂ ಬರುತ್ತದೆ. ಆ ಅಧ್ಯಾಯವನ್ನು ಮೊದಲಿನಿಂದ ಓದಿದರೆ ಅದೊಂದು ಪತ್ರವೆಂದು ತಿಳಿಯುತ್ತದೆ. ಊರು ಕಳೆದುಕೊಂಡು ಬಾಬಿಲೋನಿಗೆ ಸೆರೆಹೋದ ಜನರಿಗೆ ಪ್ರವಾದಿಯು ಜೆರುಸಲೇಮಿನಿಂದ ಬರೆದ ಪತ್ರವದು. ಹಿತದ ಆಶ್ವಾಸನೆಗೆ ಮುಂಚಿನ ವಾಕ್ಯದಲ್ಲೇ, ಅದು ನೆರವೇರಲು ಎಪ್ಪತ್ತು ವರ್ಷ ಕಳೆಯಬೇಕೆಂಬ ಮಾತಿದೆ. ಎಂದರೆ ಆ ಪತ್ರವನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಮರಳಿ ಊರು ನೋಡುವವರಲ್ಲ. ಅವರಿಗೆ ಪ್ರವಾದಿ ಹೇಳುವುದು, ಮನೆ ಕಟ್ಟಿಕೊಳ್ಳಿರಿ, ತೋಟ ಹಾಕಿರಿ, ನೀವು ಸೆರೆಹೋದ ಆ ಪಟ್ಟಣದ ಕ್ಷೇಮವನ್ನು ಬಯಸಿ ಅದಕ್ಕಾಗಿ ಪ್ರಾರ್ಥಿಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮವಿದೆ ಎಂದು. ಕೋಲಾರದಿಂದ, ರಾಯಚೂರಿನಿಂದ, ಮಂಡ್ಯದಿಂದ ಹೊಟ್ಟೆಪಾಡಿಗಾಗಿ ಬಂದು ಈ ಬೆಂಗಳೂರಿನಲ್ಲಿ ನೆಲೆನಿಂತಿರುವ ನಮ್ಮಂಥವರಿಗೆ, ಹನ್ನೊಂದನೆಯ ವಾಕ್ಯಕ್ಕಿಂತ ಈ ಏಳನೆಯ ವಾಕ್ಯವೇ ಹೆಚ್ಚು ಹತ್ತಿರದ್ದಲ್ಲವೇ? ಅದನ್ನು ಮನಸ್ಸಿಟ್ಟು ಓದಿದವರಿಗೆ, ತಮ್ಮ ಬೀದಿಯ ಕಸ, ತಮ್ಮ ಬಡಾವಣೆಯ ಕೆರೆ, ಪಕ್ಕದ ಮನೆಯ ಬಾಡಿಗೆದಾರರ ಕಷ್ಟ ಇವೆಲ್ಲ ಪ್ರಾರ್ಥನೆಯ ಹೊರಗಿನ ವಿಷಯಗಳಾಗಿ ಉಳಿಯಲಾರವು.

ಕೀರ್ತನೆಗಳ ಮೊದಲನೆಯ ಕೀರ್ತನೆಯಲ್ಲಿ, ದೇವರ ಧರ್ಮಶಾಸ್ತ್ರವನ್ನು ಹಗಲಿರುಳೂ ಧ್ಯಾನಿಸುವವನು ಧನ್ಯನೆಂದು ಹೇಳಿದೆ. ಧ್ಯಾನವೆಂದೊಡನೆ ನಮಗೆ ಕಣ್ಣು ಮುಚ್ಚಿದ ಮೌನ ನೆನಪಾಗುತ್ತದೆ. ಮೂಲ ಹೀಬ್ರೂ ಭಾಷೆಯಲ್ಲಿ ಅಲ್ಲಿರುವ ‘ಹಾಗಾ’ ಎಂಬ ಕ್ರಿಯಾಪದವಾದರೋ ದನಿಯನ್ನು ಸೂಚಿಸುವಂಥದ್ದು. ಬೇಟೆಯನ್ನು ಹಿಡಿದ ಸಿಂಹ ಗುರುಗುಟ್ಟುವುದಕ್ಕೂ, ಪಾರಿವಾಳದ ನರಳುದನಿಗೂ ಪ್ರವಾದಿ ಯೆಶಾಯನ ಗ್ರಂಥದಲ್ಲಿ ಇದೇ ಕ್ರಿಯಾಪದ ಬಳಕೆಯಾಗಿದೆ. ಓದಿದ್ದನ್ನು ತುಟಿಯ ಮೇಲೆ ಮತ್ತೆ ಮತ್ತೆ ತಂದುಕೊಂಡು, ತಗ್ಗಿದ ದನಿಯಲ್ಲಿ ಗುನುಗುತ್ತಾ, ಅದರ ಸಾರವನ್ನು ಬಿಡದೆ ಹೀರುವ ಕ್ರಮವದು. ಹನ್ನೆರಡನೆಯ ಶತಮಾನದ ಕಾರ್ತೂಸಿಯನ್ ಸನ್ಯಾಸಿಗಳ ಮಠಾಧಿಪತಿ ಎರಡನೆಯ ಗೀಗೋ ಇದನ್ನು ವಾಚನ, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ವಾಚನವು ತುತ್ತನ್ನು ಬಾಯಿಗಿಟ್ಟರೆ ಮನನವು ಅದನ್ನು ಅಗಿಯುತ್ತದೆ ಎಂಬುದು ಅವರ ಹೋಲಿಕೆ. ಕನ್ನಡಿಗರಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ ಎಂಬುದು ನನ್ನ ಅನಿಸಿಕೆ. ಹಸು ಮಾಡುವುದಕ್ಕೂ ಮನಸ್ಸು ಮಾಡುವುದಕ್ಕೂ ‘ಮೆಲುಕು ಹಾಕುವುದು’ ಎಂಬ ಒಂದೇ ಮಾತನ್ನು ನಮ್ಮ ಭಾಷೆ ಇಟ್ಟುಕೊಂಡಿದೆ. ಒಬ್ಬರು ರಾಗವಾಗಿ ಓದಿ, ಇನ್ನೊಬ್ಬರು ನಿಲ್ಲಿಸಿ ನಿಲ್ಲಿಸಿ ಅರ್ಥ ಬಿಡಿಸುವ ಗಮಕದ ವಾಚನ–ವ್ಯಾಖ್ಯಾನದ ಪರಂಪರೆಯೂ ನಮ್ಮಲ್ಲಿದೆ. ಅಕ್ಷರ ಬಾರದ ಹಳ್ಳಿಗರು ಆ ಜಗಲಿಗಳಲ್ಲಿ ಕೂತು ಮಹಾಕಾವ್ಯಗಳನ್ನು ತಮ್ಮದಾಗಿಸಿಕೊಂಡರು.

ನಮ್ಮ ಅತ್ತೆಯವರಿಗೂ ಓದು ಬರಹ ಬರುತ್ತಿರಲಿಲ್ಲ. ಪೂಜೆಯಲ್ಲಿ ತಪ್ಪಿಲ್ಲದೆ ಓದಬೇಕೆಂಬ ಕಾರಣಕ್ಕೆ ನಾನು ಹಿಂದಿನ ಸಂಜೆಯೇ ವಾಚನವನ್ನು ಅಡುಗೆಮನೆಯ ಬಾಗಿಲಲ್ಲಿ ಕೂತು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೆ. ಅವರು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು. ಕ್ರಮೇಣ ಅವರ ಒತ್ತಾಯದಿಂದಲೇ ಅದು ಪ್ರತಿ ಸಂಜೆಯ ರೂಢಿಯಾಯಿತು. ಆಗಸ್ಟ್ ತಿಂಗಳ ಒಂದು ಬುಧವಾರ ಪ್ರತಿವರ್ಷ ಬರುವ ಶುಭಸಂದೇಶವೆಂದರೆ ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷಿತೋಟದ ಸಾಮತಿ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ತೋಟದ ಯಜಮಾನ ಬೆಳಗಿನ ಜಾವ ಹೋಗಿ ದಿನಕ್ಕೆ ಒಂದು ಬೆಳ್ಳಿ ನಾಣ್ಯದಂತೆ ಆಳುಗಳನ್ನು ಕರೆತರುತ್ತಾನೆ. ಮತ್ತೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗುತ್ತಾನೆ. ದಿನ ಮುಗಿದಾಗ ಎಲ್ಲರಿಗೂ ಒಂದೇ ಕೂಲಿ. ಕೊನೆಗಾಲದಲ್ಲಿ ಮನಸ್ಸು ತಿರುಗಿಸಿದವರಿಗೂ ಸ್ವರ್ಗ ಸಿಗುತ್ತದೆ ಎಂಬ ವಿವರಣೆಯನ್ನು ಚಿಕ್ಕಂದಿನಿಂದ ಕೇಳಿದ್ದ ನನಗೆ ಅದರಲ್ಲಿ ಹೊಸತೇನೂ ಉಳಿದಿರಲಿಲ್ಲ. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಂಜೆ ತನಕ ಯಾರೂ ಕರೀದೇ ಇದ್ದೋರ ಮನೇಲೂ ಒಲೆ ಉರೀಬೇಕಲ್ಲಮ್ಮ” ಎಂದರು. ಮದುವೆಯಾದ ಹೊಸತರಲ್ಲಿ ಅವರು ಕಟ್ಟಡದ ಕೆಲಸಕ್ಕೆ ಇಟ್ಟಿಗೆ ಹೊರಲು ಹೋಗುತ್ತಿದ್ದವರು. ಯಾರಾದರೂ ಕರೆಯುವರೆಂದು ಬಿಸಿಲಲ್ಲಿ ನಿಂತು ಬರಿಗೈಯಲ್ಲಿ ಮರಳಿದ ದಿನಗಳು ಅವರಿಗಿದ್ದವು.

ಆ ಮಾತಿನ ನಂತರ ನಾನು ಆ ಭಾಗವನ್ನು ಮತ್ತೆ ಓದಿದೆ. ದಿನವೆಲ್ಲ ಏಕೆ ಸುಮ್ಮನೆ ನಿಂತಿದ್ದೀರಿ ಎಂದು ಯಜಮಾನ ಕೇಳಿದಾಗ ಅವರು ಕೊಡುವ ಉತ್ತರ, ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎಂಬುದು. ಅವರು ಸೋಮಾರಿಗಳಲ್ಲ ಎಂಬುದು ಗ್ರಂಥದಲ್ಲೇ ಇದೆ, ಅಷ್ಟು ವರ್ಷ ಓದಿಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮ ಬಡಾವಣೆಯ ವೃತ್ತದಲ್ಲಿ ಬೆಳಗ್ಗೆ ಏಳು ಗಂಟೆಗೆ ಕರಣೆ, ಹಾರೆ, ಊಟದ ಡಬ್ಬಿ ಹಿಡಿದು ನಿಲ್ಲುವ ಉತ್ತರ ಕರ್ನಾಟಕದ ಗಂಡಸರು ಹೆಂಗಸರು, ಹತ್ತೂವರೆಗೂ ಅಲ್ಲೇ ಉಳಿದಿರುವವರು, ಅಂದಿನಿಂದ ನನಗೆ ಆ ಸಾಮತಿಯ ಜನರಾಗಿಬಿಟ್ಟರು. ಅದೇ ಬುಧವಾರದ ಮೊದಲನೆಯ ವಾಚನ ಒಂದು ವರ್ಷ ನ್ಯಾಯಸ್ಥಾಪಕರ ಗ್ರಂಥದಿಂದ ಬರುತ್ತದೆ; ಅಲ್ಲಿ ಓಲಿವ್, ಅಂಜೂರ, ದ್ರಾಕ್ಷಿ ಒಪ್ಪದಿದ್ದಾಗ ಮರಗಳೆಲ್ಲ ಮುಳ್ಳುಪೊದೆಯನ್ನು ಅರಸನಾಗೆಂದು ಕೇಳಿಕೊಳ್ಳುತ್ತವೆ. ಮರುವರ್ಷ ಪ್ರವಾದಿ ಯೆಜೆಕಿಯೇಲನ 34ನೆಯ ಅಧ್ಯಾಯ ಬರುತ್ತದೆ. ಮಂದೆಯನ್ನು ಮೇಯಿಸದೆ ತಮ್ಮನ್ನೇ ಮೇಯಿಸಿಕೊಂಡ ಕುರುಬರನ್ನು ದೇವರು ಖಂಡಿಸಿ, ತಾನೇ ತನ್ನ ಕುರಿಗಳನ್ನು ಹುಡುಕಲು ಹೊರಡುವೆನೆನ್ನುತ್ತಾನೆ. ಮೇಸ್ತ್ರಿಯನ್ನು ಕಳುಹಿಸದೆ ದಿನಕ್ಕೆ ಐದು ಸಲ ತಾನೇ ಸಂತೆಗೆ ಹೋಗುವ ಯಜಮಾನನ ಪಕ್ಕದಲ್ಲಿ ಇದನ್ನಿಟ್ಟು ಓದಿದಾಗ, ಅಷ್ಟು ಸಲ ಅವನು ಹೋದದ್ದೇಕೆಂಬುದು ತಿಳಿಯುತ್ತದೆ. ಮನೆಗೆ ಸುಣ್ಣ ಬಳಿಯಲು ಬಂದವರ ಕೆಲಸ ಮಧ್ಯಾಹ್ನದ ಮಳೆಗೆ ನಿಂತಾಗ ಅರ್ಧ ಕೂಲಿ ಕೊಟ್ಟು ಕಳುಹಿಸುತ್ತಿದ್ದ ನಾವು, ಅಂದಿನಿಂದ ಪೂರ್ತಿ ಕೂಲಿ ಕೊಡತೊಡಗಿದೆವು. ಅತ್ತೆಯವರು ತೀರಿಕೊಂಡು ಆರು ವರ್ಷವಾಯಿತು. ಆ ವಾಚನ ಬಂದಾಗಲೆಲ್ಲ ಅವರ ದನಿಯಲ್ಲೇ ಕೇಳುತ್ತದೆ.

ವಿಶ್ವಾಸ ಆಳವಾಗುವುದು ಹೀಗೆಯೇ ಎಂದು ನಾನು ನಂಬಿದ್ದೇನೆ. ಯೇಸು ಹುಟ್ಟಿದಾಗ ನೋಡಲು ಬಂದ ಕುರುಬರು ಹೇಳಿದ ಸಂಗತಿಗಳನ್ನೆಲ್ಲ ತಾಯಿ ಮರಿಯಳು ಹೃದಯದಲ್ಲಿಟ್ಟುಕೊಂಡು ಮನನ ಮಾಡುತ್ತಿದ್ದಳೆಂದು ಲೂಕನು ಬರೆಯುತ್ತಾನೆ. ಆಕೆಗೂ ಎಲ್ಲವೂ ಒಂದೇ ಸಲಕ್ಕೆ ಅರ್ಥವಾಗಲಿಲ್ಲ ಎಂಬುದು ನನಗೆ ದೊಡ್ಡ ಸಮಾಧಾನ. ಅರ್ಥವಾಗದ ಭಾಗಗಳು, ಮನಸ್ಸಿಗೆ ಕಹಿಯಾಗುವ ಭಾಗಗಳು ಬಂದಾಗ ಹಾರಿಸಿ ಮುಂದೆ ಹೋಗದೆ, ತಿಳಿದವರನ್ನು ಕೇಳಬೇಕು. ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದ ಇಥಿಯೋಪಿಯದ ಅಧಿಕಾರಿಯೂ, ಯಾರಾದರೂ ದಾರಿ ತೋರದಿದ್ದರೆ ನನಗೆ ಹೇಗೆ ತಿಳಿದೀತು ಎಂದು ಶುಭಸಂದೇಶ ಸಾರುತ್ತಿದ್ದ ಫಿಲಿಪ್ಪನನ್ನು ಕೇಳಿದವನೇ. ಕೇಳಲು ಈ ನಗರದಲ್ಲಿ ಜನರಿಗೆ ಕೊರತೆಯಿಲ್ಲ. ಇಡೀ ದೇಶದ ಕಥೋಲಿಕರಿಗಾಗಿ 1967ರಲ್ಲಿ ಆರಂಭವಾದ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾವಿಧಿಯ ರಾಷ್ಟ್ರೀಯ ಕೇಂದ್ರ ಇಲ್ಲೇ ಇದೆ, ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇದೆ, ಗುರುಮಠಗಳು ಅನೇಕವಿವೆ.

ಇನ್ನೊಂದು ತೊಡಕು ಭಾಷೆಯದು. ಮನೆಯಲ್ಲಿ ಕನ್ನಡ ಮಾತನಾಡುವ ನಮ್ಮ ಮಕ್ಕಳಲ್ಲಿ ಬಹಳ ಮಂದಿಗೆ ಕನ್ನಡ ಬೈಬಲನ್ನು ಸರಾಗವಾಗಿ ಓದಲು ಬಾರದು. ಬಳ್ಳಾರಿಯಲ್ಲಿ ಮಿಷನರಿಗಳಾದ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮತ್ತು ಅವರೊಡನೆ ದುಡಿದ ಕನ್ನಡ ಪಂಡಿತರ ಶ್ರಮದಿಂದ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾದ ನಾಡು ನಮ್ಮದು. ಅದಾಗಿ ಎರಡು ಶತಮಾನ ತುಂಬುವ ಹೊತ್ತಿಗೆ ಅದನ್ನು ಓದುವ ನಾಲಿಗೆಗಳೇ ಕಡಿಮೆಯಾಗುತ್ತಿರುವುದು ನನ್ನಂಥವರಿಗೆ ನೋವಿನ ಸಂಗತಿ. ಆದರೂ ಮಕ್ಕಳನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ನಮ್ಮ ಮನೆಯಲ್ಲಿ ಮೊಮ್ಮಗಳು ಇಂಗ್ಲಿಷಿನಲ್ಲಿ ಓದುತ್ತಾಳೆ, ನಾನು ಅದೇ ಭಾಗವನ್ನು ಕನ್ನಡದಲ್ಲಿ ಓದುತ್ತೇನೆ. ನಾವು ‘ಶುಭಸಂದೇಶ’ ಎನ್ನುವುದನ್ನು ತನ್ನ ಗೆಳತಿಯ ಮನೆಯವರು ‘ಸುವಾರ್ತೆ’ ಎನ್ನುವುದೇಕೆಂದು ಅವಳು ಮೊನ್ನೆ ಕೇಳಿದಾಗ, ಎರಡನ್ನೂ ಬಿಡಿಸಿ ಹೇಳುತ್ತಾ ಅರ್ಧ ಗಂಟೆ ಕಳೆಯಿತು. ಅಂದು ಓದಿದ್ದು ನಾಲ್ಕೇ ವಾಕ್ಯ, ಆದರೆ ಮರುದಿನ ಶಾಲೆಯಿಂದ ಬಂದವಳು ಅದೇ ಮಾತನ್ನು ಮುಂದುವರಿಸಿದಳು.

2019ರಲ್ಲಿ ಪೋಪ್ ಫ್ರಾನ್ಸಿಸ್ ಅವರು ವರ್ಷಕ್ಕೊಂದು ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಗೊತ್ತುಪಡಿಸಿ ಹೊರಡಿಸಿದ ಪತ್ರದ ತಾರೀಕು ಸೆಪ್ಟೆಂಬರ್ 30, ಸಂತ ಜೆರೋಮರ ಸ್ಮರಣೆಯ ದಿನ. ಧರ್ಮಗ್ರಂಥವನ್ನು ಅರಿಯದಿರುವುದು ಕ್ರಿಸ್ತರನ್ನೇ ಅರಿಯದಿರುವುದು ಎಂದವರು ಆ ಸಂತರು. ಆ ಭಾನುವಾರದಂದು ಗ್ರಂಥವನ್ನು ಮೆರವಣಿಗೆಯಲ್ಲಿ ತಂದು ಹೂವಿಟ್ಟು ಗೌರವಿಸುವುದು ಸರಿಯಾದದ್ದೇ. ಉಳಿದ ದಿನಗಳಿಗಾಗಿ ಧರ್ಮಕೇಂದ್ರಗಳ ಗುರುಗಳಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ವಾರದ ವಾಚನಗಳ ಅಧ್ಯಾಯ, ವಾಕ್ಯ ಸಂಖ್ಯೆಗಳನ್ನು ಕನ್ನಡದಲ್ಲಿ ಅಚ್ಚುಮಾಡಿ ಭಾನುವಾರ ಬಾಗಿಲಲ್ಲಿ ಕೊಡಲಿ, ಕಿರು ಸಮುದಾಯಗಳ ಕೂಟಗಳಲ್ಲಿ ಜಪಸರದ ನಂತರ ಕಾಲು ಗಂಟೆಯನ್ನು ಒಂದೇ ಭಾಗದ ವಾಚನಕ್ಕೂ ಮಾತುಕತೆಗೂ ಮೀಸಲಿಡಲಿ, ಓದು ಬಾರದ, ಕಣ್ಣು ಮಂಜಾದ ಹಿರಿಯರ ಮನೆಗೆ ಹೋಗಿ ಓದಿ ಕೇಳಿಸುವ ಕೆಲಸವನ್ನು ಯುವಜನರಿಗೆ ವಹಿಸಲಿ. ಓದಿ ಕೇಳಿಸಲು ಹೋದವರೇ ಹೆಚ್ಚು ಪಡೆದು ಮರಳುವರೆಂಬುದನ್ನು ನಾನು ಅನುಭವದಿಂದ ಹೇಳಬಲ್ಲೆ.

ಆಗಮನ ಕಾಲದ ಮೊದಲ ಸೋಮವಾರದ ಶುಭಸಂದೇಶ ಮತ್ತಾಯನ 8ನೆಯ ಅಧ್ಯಾಯದ 5ರಿಂದ 11ರವರೆಗಿನ ಏಳು ವಾಕ್ಯಗಳು. ಪಾರ್ಶ್ವವಾಯು ಬಡಿದು ಮನೆಯಲ್ಲಿ ಮಲಗಿರುವ ಆಳಿಗಾಗಿ ರೋಮನ್ ಸೇನೆಯ ಶತಾಧಿಪತಿಯೊಬ್ಬ ಯೇಸುಸ್ವಾಮಿಯ ಮುಂದೆ ಬೇಡಿಕೊಳ್ಳುವ ಪ್ರಸಂಗವದು. ನೀವು ನನ್ನ ಮನೆಗೆ ಬರುವಷ್ಟು ಯೋಗ್ಯತೆ ನನಗಿಲ್ಲ, ಒಂದು ಮಾತು ಹೇಳಿದರೆ ಸಾಕು ಎಂದು ಅವನಾಡಿದ ನುಡಿಯನ್ನೇ ನಾವು ಪ್ರತಿ ಪೂಜೆಯಲ್ಲೂ ಪರಮಪ್ರಸಾದ ಸ್ವೀಕರಿಸುವ ಮುನ್ನ ಹೇಳುತ್ತೇವೆ. ಆ ಸಂಜೆ ಟಿ.ವಿ. ಆರಿಸಿ, ಮೊಬೈಲನ್ನು ಪಕ್ಕಕ್ಕಿಟ್ಟು, ಮನೆಯವರೆಲ್ಲ ಕೂತು ಆ ಏಳು ವಾಕ್ಯಗಳನ್ನು ಎರಡು ಸಲ ಗಟ್ಟಿಯಾಗಿ ಓದಬೇಕೆಂದು, ಎರಡನೆಯ ಸಲ ಓದಿದ ಮೇಲೆ ಮನೆಯ ಹಿರಿಯರನ್ನೂ ಕಿರಿಯರನ್ನೂ ಮೊದಲು ಮಾತನಾಡಲು ಬಿಡಬೇಕೆಂದು, ಈ ಪತ್ರವನ್ನು ಓದುವ ಕ್ರೈಸ್ತ ಕುಟುಂಬಗಳನ್ನು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕನ್ನಡ ಬಲಿಪೂಜೆಯ ಒಬ್ಬ ವಾಚಕಿ
ಬೆಂಗಳೂರು